ಕಂಕುಳ ಗಂಟು

ಕಮ್ಮರಡಿ ಕಡೆ ಅಡಿಕೆ ಸುಲಿಯುವ ಹೆಂಗಸರಲ್ಲಿ ಕಂಕುಳಲ್ಲಿ ಗಂಟೇಳದವರು ಯಾರಿದ್ದಾರೆ ಹೇಳಿ! ಮೆಟ್ಟುಗತ್ತಿ ಬೆರಳಿಗೆ ತಾಗುತ್ತದೆ, ಗಾಯ ಕೀವಾಗುತ್ತದೆ, ಆಮೇಲೆ ತೋಳು ಎತ್ತಲಾಗದ ಹಾಗೆ ಕಂಕುಳಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಅದಕ್ಕೆಲ್ಲ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ಸುಣ್ಣ, ಅರಿಶಿನ ಕಲಸಿ ಹಚ್ಚುತ್ತಾರೆ. ಗಾಯ ಮಾಯುವ ಹೊತ್ತಿಗೆ ಗಂಟೂ ಕರಗುತ್ತದೆ.

ಕಮಲಕ್ಕ ಆ ಗುಂಪಿಗೆ ಹಿರಿಯಳು. ಹಿರಿತನ ಅನ್ನುವುದು ದೊಡ್ಡ ಪೀಡೆ ನೋಡಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕು. ಎರಡು ಸಾವಿರದ ಆರನೇ ಇಸವಿಯ ಕೊಯ್ಲಿನಲ್ಲಿ ಪಕ್ಕದಲ್ಲೇ ಕೂತು ಸುಲಿಯುತ್ತಿದ್ದ ತಂಗಿ ಜಲಜ, ಕಂಕುಳಲ್ಲಿ ಏನೋ ಕೈಗೆ ಸಿಗುತ್ತಿದೆ ಎಂದಳು. ಕಮಲಕ್ಕ ತಲೆ ಕೂಡ ಎತ್ತಲಿಲ್ಲ.

"ಎಂತ ಆಗಲ್ಲ ಮಾರಾಯ್ತಿ. ಕತ್ತಿ ತಾಗಿದ್ದು ಅದು. ಸುಣ್ಣ ಹಚ್ಚು."

ಅಕ್ಕನ ಮಾತು ಅಂದರೆ ಜಲಜಳಿಗೆ ಮುಗಿಯಿತು. ಹಚ್ಚಿದಳು. ಕೊಯ್ಲು ಮುಗಿಯಿತು, ಬೆರಳು ಮಾಯಿತು, ಗಂಟು ಮಾತ್ರ ಅಲ್ಲೇ ಇತ್ತು. ತಂಗಿಯ ಎದೆಯ ಚರ್ಮ ಒಳಕ್ಕೆ ಎಳೆದುಕೊಂಡದ್ದನ್ನು ಸ್ನಾನದ ಹೊತ್ತಿಗೆ ಕಂಡ ಮೇಲೆ ಕಮಲಕ್ಕನೇ ಅವಳನ್ನು ಬಸ್ಸು ಹತ್ತಿಸಿ ಕೊಪ್ಪಕ್ಕೆ ಕರೆದೊಯ್ದಳು, ಅಲ್ಲಿಂದ ಶಿವಮೊಗ್ಗಕ್ಕೆ.

ಶಿವಮೊಗ್ಗದ ಡಾಕ್ಟರಮ್ಮ ಕಮಲಕ್ಕನನ್ನು ಮಾತ್ರ ಒಳಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೈಯಲ್ಲಿ ರಕ್ತವಲ್ಲದೆ ಇನ್ನೊಂದು ತಿಳಿನೀರೂ ಸಣ್ಣ ನಾಳಗಳಲ್ಲಿ ಹರಿಯುತ್ತದಂತೆ, ಎಲ್ಲರ ಕಂಕುಳಲ್ಲೂ ಇರುವ ಈ ಸಣ್ಣ ಗಂಟುಗಳನ್ನು ಹಾದೇ ಮುಂದೆ ಹೋಗುತ್ತದಂತೆ. ಗಾಯದ ನಂಜು ಬಂದರೆ ಗಂಟು ಅದರ ಜೊತೆ ಹೊಡೆದಾಡಿ ಊದುತ್ತದೆ, ನೋಯುತ್ತದೆ. ಜಲಜಳದು ನೋಯದೆ ಕಲ್ಲಾಗಿತ್ತು. ಎದೆಯ ಕ್ಯಾನ್ಸರ್ ಆ ದಾರಿಯಲ್ಲೇ ಬಂದು, ಕಾವಲಿದ್ದ ಗಂಟನ್ನೇ ತಿಂದು, ಈಗ ಲಿವರ್‌ವರೆಗೂ ಹೋಗಿತ್ತು. ಅವತ್ತೇ ಬಂದಿದ್ದರೆ, ಎಂದು ಶುರು ಮಾಡಿದ ಡಾಕ್ಟರಮ್ಮ ಕಮಲಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಆಮೇಲೆ ಕಮಲಕ್ಕನಿಗೆ ಅನ್ನ ಸೇರಲಿಲ್ಲ. ದಿನಾ ಮಧ್ಯಾಹ್ನ ತಂಗಿಯ ಮನೆಗೆ ಹೋಗುವುದು, ಆ ತಿಳಿನೀರಿಗೆ ದಾರಿಯಿಲ್ಲದೆ ಬಾಳೆದಿಂಡಿನಂತೆ ಊದಿದ್ದ ತೋಳನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಸವರುವುದು. ತಪ್ಪಾಯಿತು ಕಣೇ ಎಂಬ ಮಾತು ಬಾಯಿಗೆ ಬರುತ್ತಿತ್ತು, ಹೇಳದೆಯೇ ಎದ್ದು ಬರುತ್ತಿದ್ದಳು. ಇವತ್ತಾದರೂ ಹೇಳಬೇಕೆಂದು ಹೊರಟ ದಿನ ಜಲಜಳೇ ಮೊದಲು ಬಾಯಿ ತೆರೆದಳು.

"ಅಕ್ಕ, ಡಾಕ್ಟರಮ್ಮ ಹೇಳಿದ್ದು ಹೊರಗೆ ನಂಗೂ ಕೇಳಿತ್ತು. ಅವತ್ತು ಗಂಟು ನೋಯ್ತದಾ ಅಂತ ನೀ ಕೇಳಿದ್ದೆ. ನಾನೇ ಹೌದು ಅಂತ ಸುಳ್ಳು ಹೇಳಿದ್ದು. ನೋವು ಇರ್ಲೇ ಇಲ್ಲ."

ಕಮಲಕ್ಕನ ಕೈ ನಿಂತಿತು. ಅವಳು ಕೇಳಿರಲಿಲ್ಲ. ಕೇಳಿರಲೇ ಇಲ್ಲ! ಅದು ಅವಳಿಗೆ ಗೊತ್ತು, ಜಲಜಳಿಗೂ ಗೊತ್ತು. ಸಾಯುವವಳು ಅಕ್ಕನ ತಪ್ಪನ್ನು ತನ್ನ ತಲೆಗೆ ಎಳೆದುಕೊಂಡು, ಒಪ್ಪಿಕೋ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಇಲ್ಲ ಅಂದರೆ ಆ ಜೀವ ಇನ್ನಷ್ಟು ನರಳುತ್ತದೆ.

"ಹೌದು ಮಾರಾಯ್ತಿ," ಎಂದಳು ಕಮಲಕ್ಕ. "ನೀ ಹಂಗೇ ಅಂದಿದ್ದೆ."

ಜಲಜ ನಿರಾಳವಾಗಿ ಕಣ್ಣು ಮುಚ್ಚಿದಳು. ಕಮಲಕ್ಕ ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ತಪ್ಪಾಯಿತು ಅನ್ನುವ ಹಾಗೂ ಇರಲಿಲ್ಲ ಇನ್ನು.