ಗಾಳಿಗೆ ಹೆದರಿದ ಶಿವರುದ್ರಸ್ವಾಮಿ

ಶಿವರುದ್ರಸ್ವಾಮಿ ಯಾವುದನ್ನೂ ಮುಟ್ಟುವ ಮೊದಲು ಅದಕ್ಕೆ ಕಿವಿ ಆನಿಸಿ ಕೇಳುತ್ತಿದ್ದರು. ಗ್ಯಾಸ್ ಒಲೆ, ಗೋಡೆಯ ಸ್ವಿಚ್ಚು, ಬಸ್ಸಿನ ಟೈರು, ಕೊನೆಗೆ ಹಲಸಿನ ಹಣ್ಣು ಕೂಡ ಈ ಪರೀಕ್ಷೆಯಿಂದ ಪಾರಾದದ್ದಿಲ್ಲ. ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ವಯಸ್ಸು ಐವತ್ತರ ಆಸುಪಾಸು. ಹಣೆಯ ಮೇಲೆ ಅಚ್ಚುಕಟ್ಟಾದ ಮೂರೆಳೆ ವಿಭೂತಿ, ಕಡುಬೇಸಿಗೆಯಲ್ಲೂ ಮೈಯಿಂದ ಇಳಿಯದ ಬೂದುಬಣ್ಣದ ಕೋಟು. ಊಟಿ ರಸ್ತೆಯ ಲಾರಿಗಳಿಗೆ ಅಂಜಿ ಅಂಗಡಿಗಳ ಗೋಡೆಗೆ ಭುಜ ಸವರಿಕೊಂಡೇ ನಡೆಯುತ್ತಿದ್ದುದರಿಂದ ಆ ಕೋಟಿನ ಎಡತೋಳು ಸದಾ ಸುಣ್ಣ ಹಿಡಿದು ಬೆಳ್ಳಗಿರುತ್ತಿತ್ತು. ಯಾವ ಮಾತನ್ನೇ ಎತ್ತಿ, ಅವರ ಉತ್ತರ ಒಂದೇ: “ಏನಾರ ಆಗ್ಬುಟ್ರೆ?” ಬಸ್ಸು ಹತ್ತಿ ಪಕ್ಕದ ಹಂಗಳಕ್ಕೆ ಹೋಗಿಬರೋಣ ಎಂದರೂ ಅದೇ, ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿಯೋಣ ಎಂದರೂ ಅದೇ. ಊರು ನಗುತ್ತಿತ್ತು, ನೆರೆಮನೆಯ ಮೇಷ್ಟರಾದ ನಾನೂ ನಗುತ್ತಿದ್ದೆ.

ಇಂಥ ಮನುಷ್ಯನಿಗೆ ಅಂಟಿಕೊಂಡ ಹವ್ಯಾಸವಾದರೂ ಎಂಥದು! ತೊಂಬತ್ತರ ದಶಕದ ನಡುವಿನಲ್ಲಿ, ಮೈಸೂರಿನಲ್ಲಿ ಬಾಗಿಲು ಹಾಕುತ್ತಿದ್ದ ಫೋಟೊ ಸ್ಟುಡಿಯೊ ಒಂದರಿಂದ ಹಳೆಯ ಏರ್‌ಬ್ರಷ್ ಕೊಂಡು ತಂದರು. ಪೆನ್ನಿನ ಗಾತ್ರದ ಆ ಉಪಕರಣಕ್ಕೆ ಹಿಂದಿನಿಂದ ಗಾಳಿ ಕೊಟ್ಟರೆ ಮುಂದಿನಿಂದ ಬಣ್ಣ ಮಂಜಾಗಿ ಹೊಮ್ಮುತ್ತದೆ. ಗೋಪಾಲಸ್ವಾಮಿ ಬೆಟ್ಟದ ಮುಂಜಾವಿನ ಇಬ್ಬನಿಯನ್ನು, ಹುಲಿಯೇರಿದ ಮಾದಪ್ಪನ ಮುಖಕಾಂತಿಯನ್ನು ಕುಂಚದಲ್ಲಿ ಹಿಡಿಯಲಾರದೆ ವರ್ಷಗಟ್ಟಲೆ ಒದ್ದಾಡಿದ್ದ ಅವರಿಗೆ ಅದೊಂದು ವರವೇ ಆಯಿತು. ಆದರೆ ಗಾಳಿಯನ್ನು ಎಲ್ಲಿಂದ ತರುವುದು?

ಬಾಯಿಂದ ಊದಿ ಬಣ್ಣ ಸಿಂಪಡಿಸುವ ಕೊಳವೆಯೊಂದು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರ ಬಳಿ ಇತ್ತು, ತಂದುಕೊಟ್ಟೆ. ದೀಪವನ್ನೂ ಬಾಯಿಂದ ಊದಿ ಆರಿಸದ ಮನೆತನ ಅವರದು. “ಮಾದಪ್ಪನ ಮೊಕಕ್ಕೆ ನನ್ ಎಂಜಲು ಉಸ್ರಾ, ಮೇಷ್ಟ್ರೇ?” ಎಂದು ಹಿಂದೆ ಸರಿದರು. ಸೈಕಲ್ ಪಂಪಿನ ಗಾಳಿ ತಡೆತಡೆದು ಬಂದು ಬೆಟ್ಟದ ಮಂಜಿನ ಮೇಲೆಲ್ಲ ಸಿಡುಬಿನ ಕಲೆ ಎಬ್ಬಿಸಿತು. ಕೊನೆಗೆ ಚಾಮರಾಜನಗರದಲ್ಲಿ ಫ್ರಿಜ್ ರಿಪೇರಿ ಮಾಡುತ್ತಿದ್ದ ಮಾದೇಶ, ಕೆಟ್ಟ ಫ್ರಿಜ್ಜೊಂದರ ಕಂಪ್ರೆಸರನ್ನು ಬಿಚ್ಚಿ, ಬೆಂಕಿ ಆರಿಸುವ ಹಳೆಯ ಸಿಲಿಂಡರಿಗೆ ಜೋಡಿಸಿ, ಒತ್ತಡ ತೋರಿಸುವ ಮೀಟರನ್ನೂ ಹಿತ್ತಾಳೆಯ ಸೇಫ್ಟಿ ವಾಲ್ವನ್ನೂ ಕೂರಿಸಿಕೊಟ್ಟ.

“ಮುಳ್ಳು ಕೆಂಪು ಗೀಟ್ಗೆ ಬಂದೇಟ್ಗೆ ಸ್ವಿಚ್ಚು ಆರ್ಸ್ಬುಡಿ. ಮರ್ತ್ರೂ ಚಿಂತೆ ಇಲ್ಲ, ಈ ವಾಲ್ವು ಸುಯ್ ಅಂತ ಎಚ್ಚಿನ ಗಾಳಿನೆಲ್ಲಾ ಈಚ್ಗೆ ಬುಟ್ಬುಡ್ತದೆ ಕಣಣ್ಣ.”

“ಅದು ಬಾಯಿ ಬುಡ್ದೆ ಓದ್ರೆ?”

“ಸಿಲಿಂಡರು ಬಾಂಬಾಯ್ತದೆ. ಅಂಗೇನೂ ಆಗಕಿಲ್ಲ, ಬುಡಿ.”

ಮಾದೇಶ ಇದನ್ನು ನಗುತ್ತ ಹೇಳಿದ್ದ. ಶಿವರುದ್ರಸ್ವಾಮಿ ನಗುತ್ತ ಕೇಳಲಿಲ್ಲ. ಅವರದು ಎರಡೇ ಕೋಣೆಯ ಮನೆ, ಯಂತ್ರಕ್ಕೆ ಒಳಕೋಣೆ ಬಿಟ್ಟರೆ ಜಾಗವಿಲ್ಲ. ಅದರ ಮಗ್ಗುಲಲ್ಲೇ ರಾಗಿಯ ಪೀಪಾಯಿ. ದಿನಕ್ಕೆ ಹತ್ತು ಸಲ ಆ ಪೀಪಾಯಿಗೆ ಬಗ್ಗುವವರು ಹೆಂಡತಿ ದೊಡ್ಡಮಲ್ಲಮ್ಮ. ಮಕ್ಕಳಿಲ್ಲದ ಅವರಿಗೆ ಆಕೆಯೇ ಲೋಕ. ಸಿಲಿಂಡರ್ ಸಿಡಿದರೆ ಆಕೆ ಉಳಿಯುವುದಿಲ್ಲವೆಂಬ ಒಂದೇ ಯೋಚನೆ ಅವರ ಎದೆಯಲ್ಲಿ ಗೂಡು ಕಟ್ಟಿತು. ಯಂತ್ರ ನಡೆಸುವ ಮುನ್ನ “ಅಮ್ಮೀ, ಈಚ್ಗೆ ಬಾ” ಎಂದು ಕೂಗಿ, ಆಕೆ ಹಜಾರ ದಾಟಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸ್ವಿಚ್ಚಿಗೆ ಕೈ ಹಾಕುವರು. “ಇವ್ರ ಪುಕ್ಲುತನದಲ್ಲಿ ನನ್ ಅನ್ನ ಸೀದೋಯ್ತದೆ” ಎಂದು ಆಕೆ ಗೊಣಗುವರು.

ಆ ವರ್ಷದ ಆಯುಧಪೂಜೆ ಬಂತು. ಭಕ್ತಿಯೂ ಭಯದ ಜಾಡಿನಲ್ಲೇ ಸಾಗುವ ಜೀವ ಅದು: ಮೋಟಾರಿಗೆ ಒಂದು ಬೊಟ್ಟು, ಸಿಲಿಂಡರಿಗೆ ಮೂರೆಳೆ, ಮನೆಯ ಪ್ರಾಣ ಕಾಯುವ ಹಿತ್ತಾಳೆ ವಾಲ್ವಿಗೆ ಮಾತ್ರ ವಿಭೂತಿಯ ದಪ್ಪ ಲೇಪ. ಜಿಡ್ಡು ಹಿಡಿದ ಹಿತ್ತಾಳೆಯ ಮೇಲೆ ವಿಭೂತಿ ನಿಲ್ಲದೆ ಉದುರಿದಾಗ ಅಪಶಕುನವೆಂದು ಬೆದರಿ, ಬಣ್ಣಕ್ಕೆ ಬೆರೆಸುವ ಅಂಟಿನಲ್ಲಿ ಅದನ್ನು ಕಲಸಿ ಮೆತ್ತಿದರು. ಪೂಜೆಗಿಟ್ಟ ದಿನ ಯಂತ್ರವನ್ನು ನಡೆಸುವಂತಿಲ್ಲವಾದ್ದರಿಂದ ಲೇಪ ನಿಧಾನವಾಗಿ ಒಣಗಿತು.

ಮರುದಿನ ಮಧ್ಯಾಹ್ನ ನಾನು ಅವರ ಹಜಾರದಲ್ಲಿದ್ದೆ. ಅವರು ಒಳಗೆ ಹೋಗಿ ಸ್ವಿಚ್ಚು ಹಾಕುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಹಾಕಿದ ಸ್ವಿಚ್ಚನ್ನು ಆರಿಸದೆ ಬಂದು ನನ್ನೊಡನೆ ಮಾತಿಗೆ ಕೂತರು. ಹೆಂಡತಿ ಹಿತ್ತಲಲ್ಲಿದ್ದಾರೆಂದು ಇಬ್ಬರೂ ತಿಳಿದಿದ್ದೆವು. ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಿತು, ಒಳಗೆ ಮೋಟಾರು ಗುಂಯ್‌ಗುಟ್ಟಿತು. ಗಾಳಿ ತುಂಬಲು ಇನ್ನೂ ಹೊತ್ತಿದೆಯೆಂದು ಅವರು ಮಾತು ಮುಂದುವರಿಸಿದರು. ಮೋಟಾರಿನ ದನಿ ಮಾತ್ರ ಬರಬರುತ್ತ ಏದುಸಿರು ಬಿಡತೊಡಗಿತು. ಶಿವರುದ್ರಸ್ವಾಮಿ ತಟ್ಟನೆ ತಲೆ ಎತ್ತಿದರು.

“ಮೇಷ್ಟ್ರೇ, ವಾಲ್ವು ಇನ್ನೂ ಸುಯ್ ಅನ್ನಲಿಲ್ವಲ್ಲ?”

ಆಗಲೇ ಒಳಗಿನಿಂದ ಮೊರಕ್ಕೆ ರಾಗಿ ಸುರಿಯುವ ಸದ್ದು ಕೇಳಿತು. ಆಕೆ ಹಿತ್ತಲ ಬಾಗಿಲಿಂದ ಒಳಕೋಣೆಗೆ ಬಂದಿದ್ದರು. ಗೋಡೆ ಹಿಡಿದು ನಡೆಯುವ ಆ ಮನುಷ್ಯ ಓಡಿದ್ದನ್ನು ನಾನು ಅಂದೇ ನೋಡಿದ್ದು, ಅದೂ ಸದ್ದು ಬರುತ್ತಿದ್ದ ಕಡೆಗೆ. ನನ್ನ ಕಾಲು ಮಾತ್ರ ಏಳಲಿಲ್ಲ. ತೆರೆದ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ಮೀಟರಿನ ಮುಳ್ಳು ಕೆಂಪು ಗೀಟನ್ನು ದಾಟಿ ತುದಿಗೆ ಹೋಗಿ ನಿಂತಿತ್ತು. ಅವರು ಸಿಲಿಂಡರಿಗೆ ಬೆನ್ನು ಕೊಟ್ಟು ನಡುವೆ ನಿಂತು, ಹೆಂಡತಿಯನ್ನು ಎರಡೂ ಕೈಯಿಂದ ಹೊರಕ್ಕೆ ನೂಕಿದರು. “ಬೀದಿಗೆ ಓಗು! ನಿಲ್ಬೇಡ, ಬೀದಿಗೆ ಓಗು!” ಮರುಕ್ಷಣವೇ ಸ್ವಿಚ್ಚು ಆರಿಸಿದರು. ತುಂಬಿದ ಗಾಳಿ ಹಾಗೆಯೇ ಇತ್ತು, ಯಾವ ಕ್ಷಣದಲ್ಲಾದರೂ ಸಿಡಿಯಬಹುದಿತ್ತು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸಿಲಿಂಡರಿನ ಕೊಳವೆಗೆ ಸಿಕ್ಕಿಸಿದ್ದ ಏರ್‌ಬ್ರಷ್ಷಿನ ಗುಂಡಿ ಒತ್ತಿ ಹಿಡಿದು ಆ ಗಾಳಿಯನ್ನು ಎಳೆ ಎಳೆಯಾಗಿ ಹೊರಬಿಟ್ಟರು. ಕಟಕಟ ಎನ್ನುತ್ತಿದ್ದ ಅವರ ಹಲ್ಲಿನ ಸದ್ದು ನನಗೆ ಕೇಳುತ್ತಿತ್ತು. ಅಷ್ಟು ಹೆದರಿದ ಮುಖವನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಮುಳ್ಳು ಸೊನ್ನೆಗೆ ಇಳಿದ ಮೇಲೆ ವಾಲ್ವನ್ನು ಉಗುರಿನಿಂದ ಕೆರೆದು ನೋಡಿದರು. ಅಂಟು ಬೆರೆತ ವಿಭೂತಿ ಕಲ್ಲಾಗಿತ್ತು. “ನಾನೇ ಕಣಮ್ಮೀ, ನಾನೇ ಅದರ ಬಾಯಿ ಮುಚ್ಬುಟ್ಟಿದ್ದೆ” ಎಂದು ಮಗುವಿನಂತೆ ಅತ್ತರು. ತಲೆಗೂದಲ ತುಂಬ ರಾಗಿ ಚೆಲ್ಲಿಕೊಂಡಿದ್ದ ದೊಡ್ಡಮಲ್ಲಮ್ಮ ಬೀದಿಗೆ ಹೋಗಿರಲಿಲ್ಲ, ಹೊಸ್ತಿಲಲ್ಲೇ ನಿಂತಿದ್ದರು. ಒಳಗೆ ಬಂದು ಸೆರಗಿನಿಂದ ಗಂಡನ ಮುಖ ಒರೆಸಿದರು.

ಯಂತ್ರ ಮಾದೇಶನಿಗೇ ವಾಪಸಾಯಿತು. ಶಿವರುದ್ರಸ್ವಾಮಿ ಪಂಕ್ಚರ್ ಅಂಗಡಿಯಲ್ಲಿ ಹಳೆಯ ಲಾರಿ ಟ್ಯೂಬೊಂದಕ್ಕೆ ಹದವಾಗಿ ಗಾಳಿ ತುಂಬಿಸಿ, ಸಂಜೆ ಅದನ್ನು ರಸ್ತೆಯಂಚಿನಲ್ಲಿ ಉರುಳಿಸಿಕೊಂಡು ಬಂದು ಹಿತ್ತಲಲ್ಲಿಟ್ಟು, ಕಿಟಕಿಯ ಮೂಲಕ ಕೊಳವೆ ಎಳೆದು ಚಿತ್ರ ಬರೆಯತೊಡಗಿದರು. ಬೆಟ್ಟದ ಮಂಜು ಅರ್ಧಕ್ಕೆ ಬರುವಷ್ಟರಲ್ಲಿ ಗಾಳಿ ಮುಗಿದಿರುತ್ತಿತ್ತು, ಉಳಿದದ್ದು ನಾಳೆಗೆ. ಊರು ಅದಕ್ಕೂ ನಕ್ಕಿತು. ನನಗೆ ನಗು ಬರಲಿಲ್ಲ.

ಅಂಜುಬುರುಕರೆಂದು ನಾವು ಆಡಿಕೊಳ್ಳುವವರ ಜಾತಿಯೇ ಬೇರೆ. ನಮ್ಮಂಥವರಿಗೆ ಕೇಡು ಬಂದು ಎರಗಿದ ದಿನವಷ್ಟೇ ಕಾಣುತ್ತದೆ. ಅಂದು ಕೈಕಾಲು ಆಡದೆ ಕೂತುಬಿಡುತ್ತೇವೆ. ಅವರೋ ಅದನ್ನು ದಿನವೂ ಕಂಡು, ದಿನವೂ ಒಳಗೊಳಗೇ ಸತ್ತು, ಆ ಗಳಿಗೆ ಬಂದರೆ ಯಾರನ್ನು ಮೊದಲು ಹೊರಗೆ ಕಳಿಸಬೇಕೆಂದು ಎಂದೋ ನಿಶ್ಚಯಿಸಿಕೊಂಡಿರುತ್ತಾರೆ. ಹೊರಗೆ ಹೋಗಬೇಕಾದವರಲ್ಲಿ ತಾವೂ ಒಬ್ಬರೆಂಬುದು ಮಾತ್ರ ಅವರಿಗೆ ಹೊಳೆಯುವುದೇ ಇಲ್ಲ.