ಪರಿಹಾರವಾಗಿಲ್ಲ

ಆ ಗ್ರಂಥಪಾಲಕ ಹದಿನೈದು ವರ್ಷ ಗ್ರಂಥಾಲಯಗಳು ಬಳಸುವ ಒಂದು ಮುಕ್ತ ತಂತ್ರಾಂಶದ ಇಮೇಲ್ ಬಳಗದಲ್ಲಿ ಅಪರಿಚಿತರ ಪ್ರಶ್ನೆಗಳಿಗೆ ಉತ್ತರ ಬರೆದಿದ್ದ. ಕೇಳಿದವರು ಮತ್ತೆ ಬರೆಯದಿದ್ದರೆ ಕೆಲಸವಾಯಿತೆಂದೇ ಲೆಕ್ಕ. ಆ ಮೌನವೇ ಅವನಿಗೆ ಸಾಕಾಗಿತ್ತು.

ಈಗ ಬಳಗವನ್ನು ಮುಚ್ಚಿ, ಹಳೆಯ ಪತ್ರಗಳನ್ನೆಲ್ಲ ವೆಬ್ ಫೋರಮ್ಮಿಗೆ ಸಾಗಿಸಿದ್ದರು. ಅಲ್ಲಿ ‘ಪರಿಹಾರವಾಯಿತು’ ಎಂಬ ಗುಂಡಿಯನ್ನು ಕೇಳಿದವರೇ ಒತ್ತಬೇಕು. ಹಿಂದೆಂದೋ ಕೇಳಿದವರಲ್ಲಿ ಈಗ ಯಾರು ಬಂದು ಒತ್ತುತ್ತಾರೆ? ಅವನ ಎರಡು ಸಾವಿರ ಉತ್ತರಗಳ ಪಕ್ಕದಲ್ಲೂ ‘ಪರಿಹಾರವಾಗಿಲ್ಲ’ ಎಂದಿತ್ತು.

“ನಾನು ಬರೆದದ್ದು ಒಬ್ಬರಿಗೂ ಉಪಯೋಗ ಆಗ್ಲಿಲ್ವೇನೋ,” ಎಂದ, ಊಟ ಮುಗಿಸಿ.

ಹೆಂಡತಿ ಅವನ ತಟ್ಟೆ ಎತ್ತಿಕೊಂಡಳು. “ಅಡುಗೆ ಚೆನ್ನಾಗಿದೆ ಅಂತ ಯಾವತ್ತಾದ್ರೂ ಬಾಯಿಬಿಟ್ಟಿದ್ದೀರಾ? ನಾನೂ ಖಾಲಿ ತಟ್ಟೆ ನೋಡ್ಕೊಂಡೇ ಇಷ್ಟು ವರ್ಷ ತಳ್ಳಿದ್ದೀನಿ.”

ಅವನು ಅವಳ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ನೋಡಿದ.

“ಚೆನ್ನಾಗಿತ್ತು.”

“ಯಾವ ವರ್ಷದ್ದು?” ಎಂದು ಅವಳು ಕೇಳಿದಳು.