ಕ್ಯಾಮೆರಾ ಆನ್ ಆಗಿತ್ತು

ಗಣಿತದ ಮೇಷ್ಟ್ರು ಮಕ್ಕಳಿಗೆ ಹೊಡೆಯುತ್ತಾರೆ ಅನ್ನುವುದು ಇಡೀ ಶಾಲೆಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಕಂಪ್ಯೂಟರ್ ಟೀಚರಿಗೆ. ಮೇಷ್ಟ್ರು ಅವಳ ಗಂಡನ ಅಣ್ಣ, ಅದೇ ಮನೆಯ ಮಹಡಿಯಲ್ಲಿ ವಾಸ. ಮೇಲಿಂದ ಅವರ ಮಗನ ಅಳು ಕೇಳಿಸಿದರೆ ಇವಳು ಕೆಳಗೆ ಮಿಕ್ಸಿ ಹಾಕಿಬಿಡುತ್ತಿದ್ದಳು.

ಆ ವರ್ಷ ಶಾಲೆಗೆ ಹೊರದೇಶದ ಒಂದು ಶಾಲೆಯ ನಂಟು ಬೆಳೆದಿತ್ತು. ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಿ ಇಲ್ಲಿಗೆ ಇಪ್ಪತ್ತು ಕಂಪ್ಯೂಟರ್, ಗೋಡೆಯಗಲದ ಒಂದು ಪರದೆ ಬಂದವು. ವಾರಕ್ಕೊಮ್ಮೆ ಎರಡೂ ಕಡೆಯ ಮಕ್ಕಳು ಪರದೆಯಲ್ಲಿ ಎದುರುಬದುರಾಗಿ ಕೂತು ಒಂದೇ ಪಾಠ ಕಲಿಯುತ್ತಿದ್ದರು. ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಇದನ್ನು ತಂದವಳು ಕಂಪ್ಯೂಟರ್ ಟೀಚರೇ. ಆ ಕಡೆಯ ಟೀಚರ್, ದಪ್ಪ ಕನ್ನಡಕದ ಹೆಂಗಸು, ಅವಳಿಗೆ ಗೆಳತಿಯಂತಾಗಿದ್ದಳು. ಇಬ್ಬರೂ ಹರಕುಮುರುಕು ಇಂಗ್ಲಿಷಿನಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರು.

ಆವತ್ತಿನ ಪಾಠ ನೆರಳಿನದು, ಕಲಿಸಲು ಗಣಿತದ ಮೇಷ್ಟ್ರೂ ಲ್ಯಾಬಿಗೆ ಬಂದಿದ್ದರು. ಎರಡೂ ಶಾಲೆಯ ಮಕ್ಕಳು ತಂತಮ್ಮ ಅಂಗಳದಲ್ಲಿ ಕೋಲು ನೆಟ್ಟು, ನಡುಮಧ್ಯಾಹ್ನದ ನೆರಳನ್ನು ಅಳೆದು, ಲೆಕ್ಕವನ್ನು ಒಂದೇ ಪಟ್ಟಿಗೆ ತುಂಬಿದ್ದರು. ಈ ಕಡೆಯಿಂದ ತುಂಬಿದವಳು ಏಳನೇ ತರಗತಿಯ ಒಬ್ಬ ಹುಡುಗಿ. ಆಳು ಗಿಡ್ಡ, ಮಾತು ಚುರುಕು, ಎಲ್ಲರ ಬಾಯಲ್ಲೂ ಅವಳು 'ಚಿಟಿಕೆ'. ಅವಳು ಅರವತ್ತೆರಡು ಸೆಂಟಿಮೀಟರನ್ನು ಮೀಟರಿನ ಕಾಲಮಿಗೆ ಹಾಕಿಬಿಟ್ಟಿದ್ದಳು. ಪರದೆಯ ಮೇಲೆ ಗೆರೆ ರಾಕೆಟ್ಟಿನಂತೆ ಮೇಲಕ್ಕೆ ಹಾರಿತು. ಆ ಕಡೆಯ ಮಕ್ಕಳು ನಕ್ಕರು. ಚಿಟಿಕೆಯೂ ನಕ್ಕಳು.

ಮೇಷ್ಟ್ರು ನಗಲಿಲ್ಲ. ಮೈಕ್ ಬಂದ್ ಮಾಡಿದರು.

"ಹೊರದೇಶದವರ ಮುಂದೆ ಮರ್ಯಾದೆ ಕಳೀತೀಯಾ? ಹಲ್ಲು ಬೇರೆ ಕಿಸೀತೀಯಾ?"

ಮೇಜಿನ ಮೇಲೆ ನೆರಳು ಅಳೆದ ಒಂದು ಮೀಟರಿನ ಮರದ ಪಟ್ಟಿ ಇತ್ತು. ಮೊದಲ ಏಟು ಅಂಗೈ ಮೇಲೆ, ಎರಡನೆಯದು ಮೊಣಕೈ ಮೇಲೆ. ಚಿಟಿಕೆ ಕುರ್ಚಿಯ ಹಿಂದೆ ಸರಿದಳು. ಅವರು ಜಡೆ ಹಿಡಿದು ಎಳೆದು ಬೆನ್ನಿಗೆ ಬಾರಿಸಿದರು, ಪಟ್ಟಿ ಎರಡು ತುಂಡಾಯಿತು. ಆಮೇಲೆ ಬರಿಗೈಯಲ್ಲಿ ಕಿವಿಯ ಮೇಲೆ ಬಿಟ್ಟರು. ಹುಡುಗಿ ಮೇಜಿನ ಅಂಚಿಗೆ ಬಡಿದು ಕೆಳಗೆ ಬಿದ್ದಳು.

"ಭಾವಾ, ಬಿಡಿ!" ಕಂಪ್ಯೂಟರ್ ಟೀಚರ್ ಓಡಿಬಂದು ಅವರ ತೋಳಿಗೆ ಜೋತುಬಿದ್ದಳು. ಅವರು ಕೊಡವಿದ ರಭಸಕ್ಕೆ ಕಬ್ಬಿಣದ ಕಪಾಟಿಗೆ ಬಡಿದಳು, ಹುಬ್ಬು ಒಡೆಯಿತು. ಮೇಷ್ಟ್ರು ಬಿದ್ದಿದ್ದ ಹುಡುಗಿಯ ಮೇಲೆ ಕಾಲೆತ್ತಿದ್ದರು.

ಆಗ ಸ್ಪೀಕರಿನಿಂದ ಕೂಗು ಬಂತು. "ಸಾಕು! ಸಾಕು!"

ಇಲ್ಲಿಯ ಮಕ್ಕಳು ಆ ಕಡೆಯವರಿಗೆ ಹೇಳಿಕೊಟ್ಟಿದ್ದ ನಾಲ್ಕೈದು ಮಾತುಗಳಲ್ಲಿ ಅದೂ ಒಂದು. ಮೇಷ್ಟ್ರು ಮೈಕನ್ನಷ್ಟೇ ಮುಚ್ಚಿದ್ದರು, ಕ್ಯಾಮೆರಾ ಆನ್ ಆಗಿಯೇ ಇತ್ತು. ಪರದೆಯ ತುಂಬ ಮಕ್ಕಳು ಎದ್ದು ನಿಂತಿದ್ದರು. ಕೆಲವರು ಅಳುತ್ತಿದ್ದರು. ದಪ್ಪ ಕನ್ನಡಕದವಳು ಅಂಗೈಯಿಂದ ಕ್ಯಾಮೆರಾದ ಮುಂದೆ ಬಡಿಯುತ್ತಿದ್ದಳು. ಮೇಷ್ಟ್ರು ಮುರಿದ ಪಟ್ಟಿಯ ತುಂಡನ್ನು ಪರದೆಗೆ ಬೀಸಿದರು. ಗಾಜು ಬಿರಿದು ಮುಖಗಳೆಲ್ಲ ಮಾಯವಾದವು. ದನಿ ಮಾತ್ರ ಬರುತ್ತಲೇ ಇತ್ತು.

ಚಿಟಿಕೆಯ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಟೀಚರ್ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಕಿವಿಯ ತಮಟೆ ಹರಿದಿದೆ, ಮೊದಲಿನಂತೆ ಕೇಳಿಸುವುದು ಅನುಮಾನ ಅಂದರು ವೈದ್ಯರು.

ಶಾಲೆಗೆ ವಾಪಸಾದಾಗ ಹೆಡ್‌ಮಿಸ್ ಬಾಗಿಲು ಹಾಕಿಕೊಂಡು ಮಾತಾಡಿದರು. "ಕರೆಂಟ್ ಹೋಯ್ತು, ಮಗು ಎಡವಿ ಬಿತ್ತು ಅಂತ ಬರೆದುಬಿಡಿ. ವಿಷಯ ಹೊರಗೆ ಬಿದ್ರೆ ಯೋಜನೆಗೇ ಎಳ್ಳುನೀರು. ಮಿಕ್ಕ ಮಕ್ಕಳ ಗತಿ ಏನು, ಹೇಳಿ?"

ಆ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಟೀಚರಿಗೆ ಅದೇ ಸಂಕಟ. ಸಂಜೆ ಮನೆ ಸೇರುವ ಹೊತ್ತಿಗೆ ಗೆಳತಿಯ ಫೋನು ಬಂತು.

"ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಅಳಿಸಲ್ಲ," ಅಂದಳು ಅವಳು. "ಆದ್ರೆ ಮೊದಲು ನೀನು ಬರಿ. ನಾನು ಕಳಿಸಿದ್ರೆ ಇಲ್ಲಿಯವರು ನಿಮ್ಮ ದೇಶಾನೇ ಬೈತಾರೆ. ನೀನು ಬರೆದ್ರೆ ಅದು ಒಬ್ಬ ಮನುಷ್ಯನ ಮೇಲಿನ ದೂರು. ನಾಳೆ ಬೆಳಿಗ್ಗೆವರೆಗೆ ಕಾಯ್ತೀನಿ."

ಟೀಚರ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಗಂಡ, ಬಸ್ ಡಿಪೋದ ಮೆಕ್ಯಾನಿಕ್, ಗ್ರೀಸಿನ ಕೈ ತೊಳೆದು ಬಂದು ಪಕ್ಕದಲ್ಲಿ ತಲೆತಗ್ಗಿಸಿ ಕೂತ. ಅತ್ತೆ ಬಾಗಿಲಲ್ಲಿ ನಿಂತರು. ಭಾವ ಮಹಡಿಯಿಂದ ಇಳಿದು ಬಂದರು.

"ಏನು ಬರೀತಿದ್ದೀಯ?"

"ನಡೆದದ್ದು."

"ನಿನ್ನ ಗಂಡನ್ನ ಓದಿಸಿದ್ದು ನಾನು. ಈ ಮನೆ ಸೊಸೆ ಆಗಿ ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯಾ?"

"ಮಗು ಕಿವಿ ಹೋಯ್ತು ಭಾವ."

ಅವರು ಲ್ಯಾಪ್‌ಟಾಪಿನ ಮುಚ್ಚಳ ಹಿಡಿದು ಅವಳ ಬೆರಳುಗಳ ಮೇಲೇ ಮುಚ್ಚಿದರು. ಎರಡೂ ಕೈ ಊರಿ ಇಡೀ ಮೈಭಾರ ಬಿಟ್ಟರು. ಒಣಕಡ್ಡಿ ಮುರಿದಂಥ ಸದ್ದು. ಅವಳು ಕಿರುಚಿದಳು.

ಗಂಡ ಒಮ್ಮೆಲೇ ಎದ್ದ. ಅಣ್ಣನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ. ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ಹಲ್ಲೊಂದು ನೆಲಕ್ಕೆ ಬಿತ್ತು. "ಅಯ್ಯೋ, ಇಬ್ರೂ ನನ್ನ ಹೊಟ್ಟೇಲೇ ಹುಟ್ಟಿದವರು ಕಣ್ರೋ!" ಅಂತ ಅತ್ತೆ ಎದೆ ಬಡಿದುಕೊಂಡರು. ಭಾವನ ತುಟಿಯಿಂದ ರಕ್ತ ಸುರಿಯುವುದನ್ನು ನೋಡಿ ಟೀಚರಿಗೆ ಒಂದು ಕ್ಷಣ ಹಿತವೆನಿಸಿತು. ಆ ಹಿತಕ್ಕೆ ಅವಳು ಆಮೇಲೆ ತುಂಬ ದಿನ ನಾಚಿಕೆಪಟ್ಟಳು.

"ಸಾಕು ಬಿಡ್ರೀ," ಅಂದಳು ಗಂಡನಿಗೆ. "ಹೊಡೆದದ್ದು ಸಾಕು."

ಬಲಗೈಯ ಎರಡು ಬೆರಳು ಮುರಿದಿದ್ದವು. ಆಸ್ಪತ್ರೆಗೆ ಹೋಗುವ ಮುಂಚೆ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ದೂರು ಮುಗಿಸಿ ಶಿಕ್ಷಣ ಇಲಾಖೆಗೂ ಪೊಲೀಸರಿಗೂ ಕಳಿಸಿದಳು. ಕೊನೆಯಲ್ಲಿ ತನ್ನ ಹೆಸರು ಹಾಕಿ, ಅದರ ಕೆಳಗೆ 'ಆರೋಪಿಯ ತಮ್ಮನ ಹೆಂಡತಿ' ಅಂತಲೂ ಬರೆದಳು.

ಮೇಷ್ಟ್ರು ಅಮಾನತಾದರು, ಪೊಲೀಸ್ ಕೇಸಾಯಿತು. ಅತ್ತೆ ದೊಡ್ಡ ಮಗನ ಜೊತೆಗೇ ಬೇರೆ ಮನೆಗೆ ಹೋದರು, ಇವಳೊಂದಿಗೆ ಮಾತು ಬಿಟ್ಟರು. ಪರದೆಯ ಪಾಠ ನಾಲ್ಕು ತಿಂಗಳು ನಿಂತಿತು. ಹೊಸ ಪರದೆ ಬಂದು ಮತ್ತೆ ಶುರುವಾಗುವಾಗ ದಪ್ಪ ಕನ್ನಡಕದವಳೇ ಒಂದು ಷರತ್ತು ತಂದಳು. ಎರಡೂ ಕಡೆಯ ಟೀಚರುಗಳು ಮೊದಲೇ ಹೇಳದೆ ಪರಸ್ಪರರ ತರಗತಿಗೆ ಬಂದು ಕೂರಬಹುದು. "ನಮ್ಮಲ್ಲೂ ಬಾಗಿಲು ಮುಚ್ಚಿದ ತರಗತಿಗಳಿವೆ," ಅಂದಳು.

ಚಿಟಿಕೆ ಮಾತ್ರ ಬರಲಿಲ್ಲ. ಟೀಚರ್ ಅವಳ ಮನೆಗೆ ಹೋದಳು. ಹುಡುಗಿಯ ತಾಯಿ ದರ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದಳು.

"ಮೂರು ವರ್ಷದಿಂದ ಹೊಡೀತಾನೇ ಇದ್ದರಲ್ಲ. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಯಂತ್ರ ಮತ್ತೆ ಗಡಗಡ ಓಡಿತು. ಟೀಚರ್ ಒಂದು ಗಂಟೆ ಅಲ್ಲೇ ಕೂತಿದ್ದು ಎದ್ದುಬಂದಳು. ಮರುವಾರವೂ ಹೋದಳು, ಅದರ ಮರುವಾರವೂ. ಮೂರನೇ ಸಲ ತಾಯಿ ಒಂದು ಕುರ್ಚಿ ಕೊಟ್ಟಳು.

ಒಂದು ಬುಧವಾರ ತಾಯಿಯೇ ಮಗಳ ಕೈ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಳು. "ನಾನೂ ಒಳಗೇ ಕೂರ್ತೀನಿ," ಅಂದಳು. ಯಾರೂ ಬೇಡ ಅನ್ನಲಿಲ್ಲ. ಚಿಟಿಕೆ ಎಡಗಿವಿ ಗೋಡೆಯ ಕಡೆ ಬರುವ ಹಾಗೆ ಜಾಗ ಆರಿಸಿ ಕೂತಳು. ಪರದೆಯಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಏನೇನೋ ಕೂಗುತ್ತಿದ್ದರು. ಅವಳು ಬಲಗಿವಿಯನ್ನು ಸ್ಪೀಕರಿನ ಕಡೆ ವಾಲಿಸಿದಳು.

"ಒಬ್ಬೊಬ್ರಾಗಿ ಮಾತಾಡೋಕೆ ಹೇಳಿ ಮಿಸ್," ಅಂದಳು. "ಏನೂ ಕೇಳಿಸ್ತಿಲ್ಲ."